ದೂರದ ಭೂಕಂಪಕ್ಕೆ ನಮ್ಮ ನೆಲ ನಡುಗುತ್ತದಾ?

ಪ್ರಶ್ನೆ: 2022ರ ಜೂನ್ 22ರಂದು ಅಫ್ಘಾನಿಸ್ತಾನದಲ್ಲಿ ದೊಡ್ಡ ಭೂಕಂಪ ಆಯ್ತು. ಅದೇ ವಾರ ನಮ್ಮ ಚೆಂಬು, ಸಂಪಾಜೆ ಕಡೆಯೂ ನೆಲ ನಡುಗಿತು. ಎರಡಕ್ಕೂ ಸಂಬಂಧ ಇದೆಯಾ? ಈಗ ಎಲ್ಲೇ ಭೂಕಂಪ ಆದರೂ ‘ಇನ್ನೆರಡು ದಿನದಲ್ಲಿ ಕೊಡಗಿನ ಸರದಿ’ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ನಮ್ಮ ಅತ್ತೆಗೆ ರಾತ್ರಿ ನಿದ್ದೆಯೇ ಇಲ್ಲ.
– ಓದುಗರೊಬ್ಬರು, ಮಡಿಕೇರಿ ತಾಲ್ಲೂಕು

ಉತ್ತರ: ಮೊದಲು ಅತ್ತೆಯವರಿಗೆ ಹೇಳಿ, ಆ ಮೆಸೇಜ್ ಸುಳ್ಳು. ಇಂಥ ದಿನ ಇಂಥ ಊರಲ್ಲಿ ಭೂಮಿ ಕಂಪಿಸುತ್ತದೆ ಅಂತ ಹೇಳುವುದು ಜಗತ್ತಿನಲ್ಲಿ ಯಾರಿಗೂ ಸಾಧ್ಯವಾಗಿಲ್ಲ.

ಆದರೆ ದೂರದ ಭೂಕಂಪ ಇನ್ನೊಂದು ಕಡೆ ನೆಲ ನಡುಗಿಸುವುದು ನಿಜ. 2002ರಲ್ಲಿ ಅಲಾಸ್ಕಾದಲ್ಲಿ 7.9 ತೀವ್ರತೆಯ ಭೂಕಂಪ ಆದಾಗ 3,000 ಕಿ.ಮೀ. ಆಚೆ, ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಒಂದೇ ದಿನದಲ್ಲಿ 200ಕ್ಕೂ ಹೆಚ್ಚು ಸಣ್ಣ ಕಂಪನಗಳಾದವು. ಅಲ್ಲಿ ನೆಲದಡಿ ಬಿಸಿನೀರು, ಹಬೆ ತುಂಬಿಕೊಂಡಿದೆ, ಭೂಕಂಪದ ಅಲೆಗಳು ಹಾದುಹೋಗುವಾಗ ಬಂಡೆಯ ಬಿರುಕುಗಳಲ್ಲಿ ಒತ್ತಡ ಏರುಪೇರಾಗಿ, ಮೊದಲೇ ಜಾರಲು ತಯಾರಾಗಿದ್ದ ಜಾಗ ಜಾರಿಬಿಡುತ್ತದೆ. 2012ರ ಏಪ್ರಿಲ್‌ನಲ್ಲಿ ಸುಮಾತ್ರಾ ಬಳಿ ಸಮುದ್ರದಡಿ 8.6ರ ಭೂಕಂಪ ಆದ ಮೇಲಂತೂ ಸುಮಾರು ಆರು ದಿನ ಜಗತ್ತಿನ ಬೇರೆ ಬೇರೆ ಕಡೆ 5.5ಕ್ಕಿಂತ ದೊಡ್ಡ ಭೂಕಂಪಗಳು ಮಾಮೂಲಿಗಿಂತ ಜಾಸ್ತಿ ಆದವು. ಅಂಥದ್ದು ಬಹಳ ಅಪರೂಪ.

ಅಫ್ಘಾನಿಸ್ತಾನದ್ದು 6ರ ಆಸುಪಾಸಿನದು. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಆದರೆ 2,000 ಕಿ.ಮೀ.ಗೂ ದೂರದ ಕೊಡಗಿಗೆ ಬರುವಷ್ಟರಲ್ಲಿ ಅದರ ಅಲೆಗಳಲ್ಲಿ ಕಸುವೇ ಉಳಿದಿರುವುದಿಲ್ಲ. ಅವು ಇಲ್ಲಿಗೆ ತಲುಪಲು ಹೆಚ್ಚೆಂದರೆ ಕಾಲು ಗಂಟೆ ಸಾಕು. ಚೆಂಬುವಿನಲ್ಲಿ ಪಾತ್ರೆ ಅಲುಗಾಡಿದ್ದು ಜೂನ್ 25ಕ್ಕೆ, ಮತ್ತೆ 28ರ ಬೆಳಿಗ್ಗೆ, ಅಲ್ವಾ? ಹಾಗಾಗಿ ಸಂಬಂಧ ಇತ್ತು ಅಂತ ನನಗೆ ಅನ್ನಿಸುವುದಿಲ್ಲ. 28ರದ್ದರ ತೀವ್ರತೆ 3.0, ಅಂದರೆ ಹೊರಬಿದ್ದ ಶಕ್ತಿ ಅಫ್ಘಾನಿಸ್ತಾನದ್ದರ ಮೂವತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ನಮ್ಮ ಬಂಡೆಗಳು ಬಹಳ ಹಳೆಯವು, ಒಳಗೆ ಹಳೇ ಬಿರುಕುಗಳಿವೆ. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಲೇ ಇರುವುದರಿಂದ ಅವು ಆಗಾಗ ಚೂರು ಜರುಗುತ್ತವೆ. ಕಂಪನ ಆಳದಲ್ಲಿಲ್ಲದೆ ಮೇಲೇ ಆದರೆ ಗುಡುಗಿನಂಥ ಸದ್ದೂ ಕೇಳುತ್ತದೆ.

ಗಮನ ಕೊಡಬೇಕಾದ್ದು ಹತ್ತಿರದ ಕಂಪನಕ್ಕೆ. ಟರ್ಕಿಯಲ್ಲಿ 1999ರ ಆಗಸ್ಟ್‌ನಲ್ಲಿ ಇಜ್ಮಿತ್ ನಡುಗಿತು, ಮೂರು ತಿಂಗಳೊಳಗೆ ಅದರ ಪೂರ್ವಕ್ಕಿರುವ ಡ್ಯೂಜ್ಜೆ. ಒಂದು ಕಡೆ ಸಡಿಲಾದ ಒತ್ತಡ ಪಕ್ಕದ ಬಿರುಕಿನ ಮೇಲೆ ಬಿದ್ದಿತ್ತು. ವಿಜ್ಞಾನಿಗಳು ಕೊಡುವ ಮುನ್ಸೂಚನೆಯೂ ಈ ಥರದ್ದೇ: ಇಲ್ಲಿ ಒಂದು ಕಂಪನ ಆಗಿದೆ, ಸುತ್ತಮುತ್ತ ಇನ್ನಷ್ಟು ಆಗುವ ಸಂಭವ ಕೆಲವು ದಿನ ಜಾಸ್ತಿ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಒಂದು ಕಂಪನದ ಹಿಂದೆ ಅದಕ್ಕಿಂತ ದೊಡ್ಡದು ಬರುವುದು ನೂರಕ್ಕೆ ಸುಮಾರು ಐದು ಸಲ. ಯಾವ ಐದು ಅಂತ ಮೊದಲೇ ಗೊತ್ತಾಗುವುದಿಲ್ಲ.

ಆದ್ದರಿಂದ ಟರ್ಕಿ, ಜಪಾನ್ ಸುದ್ದಿ ನೋಡಿ ಅಂಗಳದಲ್ಲಿ ಮಲಗಬೇಕಾಗಿಲ್ಲ. ನಿಮ್ಮೂರಲ್ಲೇ ನಡುಗಿದರೆ ಮಂಚದ ಪಕ್ಕದ ಬೀರುವನ್ನು ದೂರ ಸರಿಸಿ, ಟಾರ್ಚ್ ಕೈಗೆ ಸಿಗುವಂತಿಡಿ. ಮಳೆಗಾಲವಾದರೆ ಮನೆ ಹಿಂದಿನ ಬರೆಯನ್ನು, ಅಂದರೆ ಕಡಿದಾದ ಮಣ್ಣಿನ ಗೋಡೆಯನ್ನು, ಬೆಳಕಿರುವಾಗಲೇ ಒಮ್ಮೆ ನೋಡಿ ಬನ್ನಿ. ಹೊಸ ಬಿರುಕು ಕಂಡರೆ, ಅಥವಾ ಮೊದಲು ಇಲ್ಲದ ಕಡೆ ಕೆಸರು ನೀರು ಜಿನುಗುತ್ತಿದ್ದರೆ, ಅತ್ತೆಯವರನ್ನು ಕರೆದುಕೊಂಡು ಅವತ್ತೇ ಬೇರೆ ಮನೆಗೆ ಹೋಗಿ, ಪಂಚಾಯಿತಿಗೂ ತಿಳಿಸಿ.