ಕೇಳಿ, ಹೇಳುತ್ತೇನೆ: ‘ಸಾರ್, ನಿಮ್ಮ ಶರ್ಟ್ ಮೇಲೆ ಏನೋ ಬಿದ್ದಿದೆ’

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಮನೆಯವರ ಜೊತೆ ಕಾಶಿಗೆ ಹೊರಟಿದ್ದೇನೆ. ರೂಮಿಗಾಗಿ ಗೂಗಲ್‌ನಲ್ಲಿ ಸಿಕ್ಕಿದ ನಂಬರಿಗೆ ಫೋನ್ ಮಾಡಿ 4,800 ರೂಪಾಯಿ ಅಡ್ವಾನ್ಸ್ ಹಾಕಿದೆ. ಆಮೇಲೆ ‘ಜಿಎಸ್‌ಟಿ ಸೇರಿಲ್ಲ, ಇನ್ನೂ 2,000 ಹಾಕಿ, ವಾಪಸ್ ಬರುತ್ತದೆ’ ಎಂದರು. ಅದನ್ನೂ ಹಾಕಿದೆ. ಈಗ ಫೋನ್ ಎತ್ತುತ್ತಿಲ್ಲ. ಮಗನಿಗೆ ಹೇಳೋಕೆ ನಾಚಿಕೆ. ಏನು ಮಾಡಲಿ? ರೈಲಿನಲ್ಲಾದರೂ ಜೋಪಾನವಾಗಿ ಹೋಗುವುದು ಹೇಗೆ?
– ಓದುಗರು, ಮಂಡ್ಯ

ಮೇಷ್ಟ್ರೇ, ಪತ್ರ ಬಂದ ದಿನವೇ ನಿಮಗೆ ಫೋನ್‌ನಲ್ಲಿ ಹೇಳಿದ್ದೆ, ಉಳಿದವರಿಗಾಗಿ ಇನ್ನೊಮ್ಮೆ. ಹಣ ಹೋಯಿತು ಅನ್ನಿಸಿದ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತಲೇ ಇರುತ್ತದೆ, ಅದು ಯಾವುದೋ ಖಾತೆಯಲ್ಲಿ ಇನ್ನೂ ಇರುವಾಗಲೇ ದೂರು ದಾಖಲಾದರೆ ಬ್ಯಾಂಕಿನವರು ಅಲ್ಲೇ ತಡೆಹಿಡಿಯಬಹುದು. ಯುಪಿಐ ಮೆಸೇಜಿನಲ್ಲಿ 12 ಅಂಕಿಯ ಒಂದು ನಂಬರ್ ಇರುತ್ತದೆ, ಅದನ್ನು ಕೈಯಲ್ಲಿಟ್ಟುಕೊಂಡೇ ಫೋನ್ ಮಾಡಿ. ನೀವು ನಾಚಿಕೆಯಿಂದ ನಾಲ್ಕು ದಿನ ಸುಮ್ಮನಿದ್ದಿರಿ ನೋಡಿ, ಕಳ್ಳನಿಗೆ ಬೇಕಾಗಿದ್ದೂ ಅಷ್ಟೇ.

ಮೊದಲ 4,800 ಹೋಗಿದ್ದಕ್ಕೆ ನಾನು ನಿಮ್ಮನ್ನು ಬೈಯಲ್ಲ, ಯಾರಿಗಾದರೂ ಆಗುತ್ತದೆ. ಎರಡನೇ ಸಲ ಕೇಳಿದರಲ್ಲ, ಅಲ್ಲಿ ಫೋನ್ ಇಡಬೇಕಿತ್ತು. ‘ವಾಪಸ್ ಬರುತ್ತದೆ’ ಎಂದು ಹೇಳಿ ಯಾವ ಲಾಡ್ಜಿನವನೂ ದುಡ್ಡು ಹಾಕಿಸಿಕೊಳ್ಳಲ್ಲ. ನಮಗೆ ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೂ ಇಲ್ಲ, ಪಿನ್ ಒತ್ತಿದರೆ ಹೋಗುವುದೇ ಹೊರತು ಬರುವುದಿಲ್ಲ. ಕೇದಾರನಾಥದ ಹೆಲಿಕಾಪ್ಟರ್, ಸೋಮನಾಥದ ಅತಿಥಿಗೃಹ ಎಂದೆಲ್ಲ ನಕಲಿ ವೆಬ್‌ಸೈಟ್ ಮಾಡಿ ಯಾತ್ರಿಕರಿಗೆ ಟೋಪಿ ಹಾಕುತ್ತಿದ್ದಾರೆ ಎಂದು ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ವಿಭಾಗವೇ 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ಕೇದಾರದ ಹೆಲಿಕಾಪ್ಟರ್ ಟಿಕೆಟ್ಟಿಗೆ ಐಆರ್‌ಸಿಟಿಸಿಯ ಹೆಲಿಯಾತ್ರಾ ತಾಣಕ್ಕೇ ಹೋಗಬೇಕು. ಗೂಗಲ್‌ನಲ್ಲಿ ಮೇಲೆ ಬಂದಿದ್ದೆಲ್ಲ ಅಸಲಿ ಅಲ್ಲ, ದುಡ್ಡು ಕೊಟ್ಟರೆ ಜಾಹೀರಾತು ಯಾರದ್ದು ಬೇಕಾದರೂ ಮೇಲೆ ಬರುತ್ತದೆ.

ಇನ್ನು ರೈಲು. ಕಾಶಿಗೆ ಎರಡು ರಾತ್ರಿ ಮಲಗಿಕೊಂಡು ಹೋಗಬೇಕು. ಕೆಳಗಿನ ಬರ್ತಿನಡಿ ಕಬ್ಬಿಣದ ಬಳೆ ಇರುತ್ತದೆ, ಚೈನ್ ಹಾಕಿ ಬೀಗ ಜಡಿಯಿರಿ. ಕಿಟಕಿ ಪಕ್ಕ ಫೋನ್ ಚಾರ್ಜಿಗೆ ಹಾಕಿ ನಿದ್ದೆ ಹೋಗಬೇಡಿ, ಸ್ಟೇಷನ್ ಬಿಟ್ಟು ರೈಲು ನಿಧಾನಕ್ಕೆ ಹೊರಡುವಾಗಲೇ ಹೊರಗಿನಿಂದ ಕೈ ಹಾಕುತ್ತಾರೆ. ಮನೆಯವರ ಸರ ಮನೆಯಲ್ಲೇ ಇರಲಿ. ಅಪರಿಚಿತರು ಕೊಟ್ಟ ಬಿಸ್ಕತ್ತು, ಟೀ ಬೇಡ. ಇದನ್ನು ಹೇಳೋಕೆ ನನಗೇ ಸಂಕಟ, ಯಾಕೆಂದರೆ ಚಪಾತಿ ಚಟ್ನಿಪುಡಿ ಹಂಚಿಕೊಂಡು ತಿನ್ನದಿದ್ದರೆ ನಮ್ಮವರಿಗೆ ಅದು ರೈಲು ಪ್ರಯಾಣವೇ ಅಲ್ಲ, ಅಲ್ವಾ? ಆದರೂ ಬೇಡ.

ಏನಾದರೂ ಕಳುವಾದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ನಡುದಾರಿಯಲ್ಲಿ ಇಳಿಯಬೇಕಿಲ್ಲ, ಟಿಟಿಇ ಹತ್ತಿರ ದೂರಿನ ಫಾರಂ ಇರುತ್ತದೆ, ಬರೆದು ಕೊಟ್ಟರೆ ಸಾಕು. ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದು ಯಾವ ಪೊಲೀಸ್ ಠಾಣೆಯವರೂ ವಾಪಸ್ ಕಳಿಸುವಂತಿಲ್ಲ, ಎಲ್ಲಿ ಬೇಕಾದರೂ ಝೀರೋ ಎಫ್‌ಐಆರ್ ಮಾಡಿಸಬಹುದು.

ಮತ್ತೆ, ಮಗನಿಗೆ ಹೇಳಿಬಿಡಿ ಮೇಷ್ಟ್ರೇ.

ಪ್ರಶ್ನೆ: ಜಂಬೂಸವಾರಿ ನೋಡಲು ಹೋದಾಗ ಫೋನ್ ಕಳೆದುಹೋಯಿತು. ಜೇಬಿಗೆ ಕೈ ಹಾಕಿದ್ದು ಗೊತ್ತೇ ಆಗಲಿಲ್ಲ. ಈಗ ಹೊಸ ಫೋನ್ ತಗೊಂಡಿದ್ದೇನೆ. ಮುಂದೆ ಹೀಗಾದರೆ ಮೊದಲು ಏನು ಮಾಡಬೇಕು?
– ಕಾಲೇಜು ವಿದ್ಯಾರ್ಥಿ, ಕುವೆಂಪುನಗರ, ಮೈಸೂರು

ಗೊತ್ತಾಗಲ್ಲ. 750 ಕೆಜಿ ಅಂಬಾರಿ ಹೊತ್ತ ಆನೆ ಎದುರಿಗೆ ಬಂದಾಗ ಜೇಬು ಯಾರಿಗೆ ನೆನಪಿರುತ್ತದೆ? ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ನೋಡಿದ್ದೇನೆ. ಅಂಬಾರಿ ಬಂತು ಎಂದರೆ ಎಲ್ಲರ ಕೈಯೂ ಮೇಲೆ, ಎಲ್ಲರ ಕಣ್ಣೂ ಮೇಲೆ. ಫೋಟೋ ತೆಗೆದು ಫೋನನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಇಳಿಬಿಡುತ್ತಾರೆ, ಅದರ ಅರ್ಧ ಭಾಗ ಹೊರಗೇ ಇರುತ್ತದೆ. ಅದನ್ನು ಎತ್ತೋಕೆ ಕಳ್ಳನೇ ಆಗಬೇಕು ಅಂತಿಲ್ಲ.

ನಾನೇನು ಬುದ್ಧಿವಂತನಲ್ಲ. ಒಮ್ಮೆ ಮೈಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬ ಬಂದು ‘ಸಾರ್, ನಿಮ್ಮ ಶರ್ಟ್ ಮೇಲೆ ಏನೋ ಬಿದ್ದಿದೆ’ ಎಂದ. ನೋಡಿದರೆ ಹೆಗಲ ಮೇಲೆ ಹಳದಿ ಗಲೀಜು. ಪಾಪ, ಅವನೇ ನೀರಿನ ಬಾಟಲಿ ಕೊಟ್ಟ, ಕರ್ಚೀಫ್ ತೆಗೆದು ಒರೆಸಿದ. ಒರೆಸುತ್ತಾ ‘ಆ ಕಡೆ ತಿರುಗಿ ಸಾರ್’ ಎಂದ, ತಿರುಗಿದೆ. ಎರಡು ಸಲ ಥ್ಯಾಂಕ್ಸ್ ಬೇರೆ ಹೇಳಿದೆ. ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಕೇಳಿದಾಗ ಪರ್ಸ್ ಇರಲಿಲ್ಲ. ಆ ಗಲೀಜು ಚೆಲ್ಲಿದವನೂ ಅವನ ಜೊತೆಯವನೇ ಎಂದು ಆಮೇಲೆ ಹೊಳೆಯಿತು. ಸಹಾಯಕ್ಕೆ ಬಂದವರನ್ನು ‘ಬೇಡಪ್ಪ’ ಎನ್ನೋಕೆ ನಮಗೆ ಸಂಕೋಚ, ಅವರ ಬಂಡವಾಳವೇ ಅದು.

ಫೋನ್ ಹೋದರೆ ಮೊದಲು ಪಕ್ಕದವರ ಫೋನ್‌ನಿಂದ ಸಿಮ್ ಬ್ಲಾಕ್ ಮಾಡಿಸಿ. ಓಟಿಪಿ ಬರುವುದು ಅದಕ್ಕೇ. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ. ಪೊಲೀಸ್ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ತಗೊಂಡು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಕಳೆದ ಫೋನ್ ಬ್ಲಾಕ್ ಮಾಡುವ ಸಿಇಐಆರ್ ವಿಭಾಗಕ್ಕೆ ಹೋಗಿ ಐಎಂಇಐ ನಂಬರ್ (ಪ್ರತಿ ಸೆಟ್ಟಿನ ಗುರುತಿನ ಸಂಖ್ಯೆ) ಹಾಕಿದರೆ ಆ ಸೆಟ್ ದೇಶದ ಯಾವ ನೆಟ್‌ವರ್ಕ್‌ನಲ್ಲೂ ನಡೆಯದ ಹಾಗೆ ಮಾಡುತ್ತಾರೆ. ಸಿಕ್ಕರೆ ಮತ್ತೆ ಬಿಡಿಸಿಕೊಳ್ಳಬಹುದು. ಆ ನಂಬರ್ ಹೊಸ ಫೋನಿನ ಡಬ್ಬಿ ಮೇಲಿದೆ. ಡಬ್ಬಿ ಎಸೆದಿದ್ದರೆ *#06# ಒತ್ತಿ, ಬಂದಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಫೋನಿನಲ್ಲೇ ಸೇವ್ ಮಾಡಿಡಬೇಡಿ ಮಾರಾಯರೇ!

ಒಂದು ಮಾತು ಮರೆತಿದ್ದೆ. ಕಳೆದು ಕೆಲವು ದಿನಕ್ಕೆ ‘ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ’ ಎಂದು ಮೆಸೇಜ್ ಬರಬಹುದು. ಕದ್ದವರಿಗೆ ಲಾಕ್ ತೆಗೆಯಲು ನಿಮ್ಮ ಪಾಸ್‌ವರ್ಡ್ ಬೇಕಾಗಿರುತ್ತದೆ, ಒತ್ತಬೇಡಿ.

ಪ್ರಶ್ನೆ: ಶಿವಮೊಗ್ಗದಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ‘ಅರಮನೆ ಮಧ್ಯಾಹ್ನದ ತನಕ ಬಂದ್’ ಎಂದು ಹೇಳಿ ಆಟೋದವನೊಬ್ಬ ಯಾವುದೋ ಅಂಗಡಿಗೆ ಕರೆದುಕೊಂಡು ಹೋಗಿ 300 ರೂಪಾಯಿಗೆ 10 ಎಂಎಲ್ ‘ಅಸಲಿ ಗಂಧದೆಣ್ಣೆ’ ಕೊಡಿಸಿದ್ದಾನೆ. ಅಸಲಿ ಇರಬಹುದಾ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಇರಲ್ಲ ಅಕ್ಕ. ಅಸಲಿ ಗಂಧದೆಣ್ಣೆ ಕೆಜಿಗೆ ಲಕ್ಷ ರೂಪಾಯಿ ದಾಟಿದ ಮಾಲು. ಬರೀ ಒಂದು ಲಕ್ಷ ಎಂದೇ ಹಿಡಿಯಿರಿ, 10 ಗ್ರಾಮಿಗೆ 1,000 ಆಯಿತು. 300ಕ್ಕೆ ಹೇಗೆ ಕೊಡುತ್ತಾನೆ? ಅಂಗಡಿಯಿಂದ ಕಮಿಷನ್ ಸಿಗುವುದಕ್ಕೇ ಅರಮನೆ ಬಂದ್ ಆಗುವುದು. ಅರಮನೆ ದಿನಾ ಬೆಳಿಗ್ಗೆ 10ಕ್ಕೇ ತೆರೆಯುತ್ತದೆ, ಸಬರ್ಬನ್ ಬಸ್‌ಸ್ಟ್ಯಾಂಡಿನಿಂದ ನಡೆದೇ ಹೋಗಬಹುದು. ಎಲ್ಲ ಆಟೋದವರೂ ಹೀಗಲ್ಲ, ನನ್ನ ಕೊಡೆ ಮನೆ ತನಕ ತಂದು ಕೊಟ್ಟವರೂ ಇದ್ದಾರೆ.

ಬಾಟಲಿ ಎಸೆಯಬೇಡಿ, ವಾಸನೆ ಚೆನ್ನಾಗಿದ್ದರೆ ಬಟ್ಟೆ ಬೀರುವಿನಲ್ಲಿ ಇಟ್ಟುಕೊಳ್ಳಲಿ. ಮೈಗೆ ಮಾತ್ರ ಹಚ್ಚಬೇಡಿ ಎಂದು ಚಿಕ್ಕಮ್ಮನಿಗೆ ಹೇಳಿ.