ಹಳೇ ಆಲ್ಟೊದ ಆಯಿಲ್ ಲೀಕ್: ಮೊದಲು ಟ್ಯಾಪೆಟ್ ಕವರ್ ನೋಡಿ

ಸೆಕೆಂಡ್ ಹ್ಯಾಂಡ್ 2009ರ ಆಲ್ಟೊ, ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ವಾಸನೆ, ಬೆಳಿಗ್ಗೆ ನೆಲದ ಮೇಲೆ ನಾಲ್ಕೈದು ಹನಿ ಅಂದಿದ್ದೀರಿ. ಹೆಚ್ಚಾಗಿ ಇದು ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಅಡಿಯ ರಬ್ಬರು ಪ್ಯಾಕಿಂಗ್. ರಬ್ಬರು ಬಿಸಿಗೆ ಗಟ್ಟಿಯಾಗಿ, ಒಸರಿದ ಆಯಿಲ್ ಎಕ್ಸಾಸ್ಟ್ ಮೇಲೆ ಬಿದ್ದು ಸುಡುತ್ತದೆ.

ಹನಿ ಬಿದ್ದ ಜಾಗ ನಂಬಬೇಡಿ. ಆಯಿಲ್ ಮೇಲಿಂದ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ತಣ್ಣಗಿನ ಇಂಜಿನ್ನನ್ನು ಡೀಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಬಟ್ಟೆಯಲ್ಲಿ ಒರೆಸಿ. ಪ್ರೆಷರ್ ವಾಶ್ ಬೇಡ, ಆಲ್ಟರ್ನೇಟರ್‌ಗೆ ನೀರು ಹೋಗುತ್ತದೆ. 20-30 ಕಿ.ಮೀ. ಓಡಿಸಿ, ಟಾರ್ಚ್ ಹಿಡಿದು ಮೇಲಿಂದ ಕೆಳಕ್ಕೆ ನೋಡಿ. ಅತಿ ಎತ್ತರದ ಒದ್ದೆ ಗೆರೆಯೇ ಮೂಲ.

ಆ ಗೆರೆ ಕವರ್ ಅಂಚಿನಲ್ಲಿದ್ದರೆ ಪ್ಯಾಕಿಂಗ್ ಬದಲಿಸಿ, ಕವರ್ ಮತ್ತು ಇಂಜಿನ್ ಕೂಡುವ ಎರಡೂ ಮುಖ ಚೆನ್ನಾಗಿ ಒರೆಸಿ. ಬೋಲ್ಟ್ ಜಾಸ್ತಿ ಬಿಗಿದರೆ ಕವರ್ ಬಾಗಿ ಮತ್ತೆ ಸೋರುತ್ತದೆ. ನಾನು ಮೊದಲ ಸಲ ಮಾಡಿದ ತಪ್ಪೇ ಇದು. ಜೊತೆಗೆ ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಗಾಳಿ-ಆವಿಯ ಒತ್ತಡ ಬಿಡುವ ಕವಾಟ) ಬಿಚ್ಚಿ ಅಲ್ಲಾಡಿಸಿ, ಟಿಕ್ ಟಿಕ್ ಅನ್ನದಿದ್ದರೆ ಕಟ್ಟಿಕೊಂಡಿರಬಹುದು. ಆಗ ಒಳಗಿನ ಒತ್ತಡ ಹೊಸ ಪ್ಯಾಕಿಂಗನ್ನೂ ಸೋರಿಸುತ್ತದೆ.

ಮೇಲೆಲ್ಲ ಒಣಗಿದ್ದರೆ ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟ್ ವಾಶರ್ ನೋಡಿ. ಇಂಜಿನ್-ಗೇರ್‌ಬಾಕ್ಸ್ ಸೇರುವಲ್ಲಿ ಮಾತ್ರ ಒದ್ದೆಯಿದ್ದರೆ ಹಿಂದಿನ ಕ್ರ್ಯಾಂಕ್ ಸೀಲ್ (ಇಂಜಿನ್ನಿನ ಮುಖ್ಯ ತಿರುಗು ದಂಡ ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿನ ರಬ್ಬರು ಉಂಗುರ) ಇರಬಹುದು, ಗೇರ್ ಆಯಿಲ್ಲೂ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಸೀಲ್ ಆದರೆ ಗೇರ್‌ಬಾಕ್ಸ್ ಇಳಿಸಬೇಕು, ಕೂಲಿಯೇ ಜಾಸ್ತಿ. ಕ್ಲಚ್ ಹಾಕಿಸುವಾಗ ಒಟ್ಟಿಗೆ ಮಾಡಿಸಿ.

ಅಲ್ಲಿಯವರೆಗೆ ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಆಯಿಲ್ ಕೆಳಗಿನ ಗುರುತಿಗಿಂತ ಇಳಿದಿದ್ದರೆ ತುಂಬಿಸದೆ ಗಾಡಿ ತೆಗೆಯಬೇಡಿ.