ಇಳಯರಾಜ ಅವರ ‘ಹೌ ಟು ನೇಮ್ ಇಟ್’ನಲ್ಲಿ ಹಾಡೇ ಇಲ್ಲವಲ್ಲ, ಅದನ್ನು ಕೇಳೋದು ಹೇಗೆ?

‘ನಗುವಾ ನಯನಾ’ ಕೇಳಿ ಬೆಳೆದವರು ನೀವು, ಈ ಆಲ್ಬಂ ಮಾತ್ರ ಅರ್ಧಕ್ಕೇ ಸಾಕಾಯಿತು, ಹಿಡಿದುಕೊಳ್ಳೋಕೆ ಒಂದು ಸಾಲೂ ಸಿಗಲಿಲ್ಲ ಅಂತ ಬರೆದಿದ್ದೀರಿ. ಫೋನ್ ಸ್ಪೀಕರ್‌ನಲ್ಲಿ ಕೇಳಿದೆ ಅಂತಲೂ ಹೇಳಿದ್ದೀರಿ. ಮೊದಲು ಆ ಸ್ಪೀಕರ್ ಬಿಡಿ, ಒಳ್ಳೆಯ ಇಯರ್‌ಫೋನ್ ಹಾಕಿಕೊಳ್ಳಿ. ಈ ಆಲ್ಬಂನ ಜೀವ ಇರೋದೇ ಮಂದ್ರದಲ್ಲಿ, ಅಂದರೆ ತಗ್ಗಿನ ಸ್ವರಗಳಲ್ಲಿ. ಪಿಟೀಲಿನ ದೊಡ್ಡಣ್ಣನಂಥ ಚೆಲ್ಲೋ, ಬೇಸ್ ಇವೆಲ್ಲ ಫೋನಿನಲ್ಲಿ ಮುಕ್ಕಾಲು ಪಾಲು ಕೇಳಿಸೋದೇ ಇಲ್ಲ. ಮೇಲಿನ ಪಿಟೀಲು ಮಾತ್ರ ಕಿವಿಗೆ ಬಿದ್ದರೆ ಯಾರಿಗಾದರೂ ಬೇಸರ ಆಗುತ್ತೆ.

ನಾನು ಕೋಲಾರದವನು, ಕರ್ನಾಟಕ ಶೈಲಿಯಲ್ಲಿ ಪಿಟೀಲು ಕಲಿತವನು. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರ ಆರಾಧನೆಯಲ್ಲಿ ಗೋಷ್ಠಿಗಾಯನಕ್ಕೆ ಕೂರುತ್ತೇನೆ. ಅಲ್ಲಿ ಎಷ್ಟೇ ಜನ ಸೇರಿರಲಿ, ಪಂಚರತ್ನ ಕೃತಿ ಎತ್ತಿಕೊಂಡ ಮೇಲೆ ಎಲ್ಲರದೂ ಒಂದೇ ಧಾಟಿ. ನಮ್ಮ ಕಿವಿ ಪಳಗಿರೋದು ಹಾಗೆ. ಜರ್ಮನಿಯ ಸಂಗೀತ ರಚನಕಾರ ಬಾಖ್‌ನ ದಾರಿ ಬೇರೆ. ಅಲ್ಲಿ ನಾಲ್ಕು ಜನ ನಾಲ್ಕು ಧಾಟಿ ಹಿಡಿದು ಹೊರಡುತ್ತಾರೆ, ಯಾರೂ ಯಾರಿಗೂ ಪಕ್ಕವಾದ್ಯ ಅಲ್ಲ, ಆದರೂ ಎಲ್ಲೂ ಕಚ್ಚಾಡೋದಿಲ್ಲ. ಕೌಂಟರ್‌ಪಾಯಿಂಟ್ ಅನ್ನೋದು ಇದನ್ನೇ. 1986ರಲ್ಲಿ ಬಂದ ಈ ಆಲ್ಬಂ ಅನ್ನು ಇಳಯರಾಜ ಅರ್ಪಿಸಿರೋದು ಈ ಇಬ್ಬರಿಗೂ. ಬಾಖ್ ತೀರಿಕೊಂಡಿದ್ದು 1750ರಲ್ಲಿ, ತ್ಯಾಗರಾಜರು ಹುಟ್ಟಿದ್ದು 1767ರಲ್ಲಿ. ಒಬ್ಬರ ಸಂಗೀತ ಇನ್ನೊಬ್ಬರ ಕಿವಿಗೆ ಬಿದ್ದ ಪುರಾವೆ ಇಲ್ಲ. ಇಲ್ಲಿ ಮಾತ್ರ ಒಂದೇ ಜಾಗದಲ್ಲಿ ಕೂತಿದ್ದಾರೆ.

‘ಐ ಮೆಟ್ ಬಾಖ್ ಇನ್ ಮೈ ಹೌಸ್’ನಿಂದ ಶುರು ಮಾಡಿ. ಅದರಲ್ಲಿ ಬರೋದು ಬಾಖ್ ಒಂಟಿ ಪಿಟೀಲಿಗೆ ಬರೆದ ಮೂರನೇ ಪಾರ್ಟಿಟಾದ (ಹಲವು ತುಣುಕುಗಳ ಗುಚ್ಛ) ಪ್ರೆಲ್ಯೂಡ್, ಅಂದರೆ ಅದರ ಮೊದಲ ತುಣುಕು. ಉಸಿರು ತಗೊಳ್ಳೋಕೂ ಬಿಡದೆ ಓಡುವ ಸ್ವರಗಳು, ಸ್ವರವನ್ನು ಜಾರಿಸಿ ಅಲುಗಿಸೋ ಗಮಕಕ್ಕೆ ಜಾಗವೇ ಇಲ್ಲ. ಅದರ ಜೊತೆಜೊತೆಗೇ ಇನ್ನೊಂದು ಪಿಟೀಲು ನಮ್ಮ ರೀತಿಯಲ್ಲಿ ಎಳೆಯುತ್ತಾ, ಜಾರುತ್ತಾ ಬರುತ್ತೆ. ನುಡಿಸೋ ಕೈಗೆ ಇದು ಎಂಥ ಕೆಲಸ ಅಂತ ಹೇಳಲೇಬೇಕು. ನಾವು ಎಡಗೈ ಬೆರಳಿಗೆ ಒಂಚೂರು ತೆಂಗಿನೆಣ್ಣೆ ಸವರಿಕೊಂಡು ತಂತಿಯ ಮೇಲೆ ಜಾರಿಸುತ್ತೇವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಬೆರಳು ನೇರವಾಗಿ ಸ್ವರದ ಮೇಲೇ ಬೀಳಬೇಕು. ಆಲ್ಬಂನಲ್ಲಿ ಪಿಟೀಲು ನುಡಿಸಿದ ವಿ.ಎಸ್. ನರಸಿಂಹನ್ ಅವರಿಗೆ ಎರಡೂ ಒಲಿದಿದ್ದವು. ಅವರಿಲ್ಲದೆ ಈ ಸಂಗೀತ ಕಾಗದದ ಮೇಲೇ ಉಳಿಯುತ್ತಿತ್ತು ಅಂತ ನನಗೆ ಬಲವಾಗಿ ಅನಿಸುತ್ತೆ.

ಮೊದಲ ಸಲ ಮೇಲಿನ ಪಿಟೀಲಿನ ಹಿಂದೆ ಹೋಗಿ. ಆಮೇಲೆ ಅದೇ ಟ್ರ್ಯಾಕ್ ಮತ್ತೆ ಹಾಕಿ, ಪಿಟೀಲಿನ ಕಡೆ ಗಮನ ಕೊಡದೆ ತೀರಾ ಕೆಳಗಿನ ಧಾಟಿಯನ್ನೇ ಬಾಯಲ್ಲಿ ಗುನುಗಿ. ಅದೂ ಸ್ವಂತ ಕಾಲ ಮೇಲೆ ನಿಲ್ಲುವ ಹಾಡೇ! ನೀವು ಹುಡುಕುತ್ತಿದ್ದ ಸಾಲು ಅಲ್ಲಿ ಸಿಗುತ್ತೆ. ಸಿನಿಮಾ ಹಾಡಿನಲ್ಲಿ ಪಲ್ಲವಿಗೂ ಚರಣಕ್ಕೂ ನಡುವೆ ಇಳಯರಾಜ ಅವರಿಗೆ ಸಿಗುತ್ತಿದ್ದದ್ದು ಅರ್ಧ ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು. ಅಷ್ಟರಲ್ಲೇ ಇದನ್ನೆಲ್ಲ ಇಟ್ಟಿದ್ದಾರೆ. ಈ ಅಭ್ಯಾಸ ಆದಮೇಲೆ ನಿಮ್ಮ ‘ನಗುವಾ ನಯನಾ’ ಇರುವ ‘ಪಲ್ಲವಿ ಅನುಪಲ್ಲವಿ’ ಸಿನಿಮಾದ ಹಾಡುಗಳನ್ನು ಮತ್ತೆ ಕೇಳಿ ನೋಡಿ, ದನಿಯ ಕೆಳಗೆ ಬೇಸ್ ತನ್ನದೇ ದಾರಿ ಹಿಡಿದು ನಡೆಯೋದು ಗೊತ್ತಾಗುತ್ತೆ.

ಇಳಯರಾಜ ಬರೆದ ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ ದೀರ್ಘ ಕೃತಿ) ಇದೇನಾ ಅಂತಲೂ ಕೇಳಿದ್ದೀರಿ. ಅಲ್ಲ. ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ ನುಡಿಸಿದ ಆ ಸಿಂಫನಿ ‘ವ್ಯಾಲಿಯಂಟ್’ 2025ರ ಮಾರ್ಚ್ 8ರದು, ಆಗ ಇಳಯರಾಜ ಅವರಿಗೆ 81 ವರ್ಷ.

ಇಷ್ಟಾದರೂ ಭಾರ ಅನಿಸಿದರೆ 1988ರ ‘ನಥಿಂಗ್ ಬಟ್ ವಿಂಡ್’ ಕೇಳಿ. ಅದರಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ಮುಂದೆ ನಿಂತು ಕರೆದುಕೊಂಡು ಹೋಗುತ್ತೆ, ಹೊಸಬರಿಗೆ ಸುಲಭ. ನನ್ನ ಓಟು ಮಾತ್ರ ‘ಹೌ ಟು ನೇಮ್ ಇಟ್’ಗೇ.